ನೋವು ಎಲ್ಲಿ ಅಂತ ಕೇಳದ ಕೋಚ್‌ಗೆ ದುಡ್ಡು ಕಟ್ಟಬೇಡಿ

ಹತ್ತು ಕಿಲೋಮೀಟರ್, ಹಾಫ್ ಮ್ಯಾರಥಾನ್ ಓಡುವವರಿಗೆ ಈಗ ಆನ್‌ಲೈನ್ ಕೋಚ್‌ಗಳು ಬೇಕಾದಷ್ಟು ಸಿಗುತ್ತಾರೆ. ಒಳ್ಳೆಯವರೂ ಇದ್ದಾರೆ. ನನಗೆ ಸಿಕ್ಕವರು ಆ ಪೈಕಿ ಅಲ್ಲ. ಬಲಗಾಲಿನ ಮೂಳೆಯಲ್ಲಿ ಬಿರುಕು ಬಿಟ್ಟು, ಮುಟ್ಟು ನಿಂತು, ಒಂದು ಇಡೀ ಸೀಸನ್ ಕೈಬಿಟ್ಟುಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಇಂಥವರು ಒಬ್ಬರೇ ಅಲ್ಲವಲ್ಲ, ಲಕ್ಷಣ ಗೊತ್ತಿದ್ದರೆ ಜಾಸ್ತಿ ಉಪಯೋಗ.

ನಾನು ಓಡುವುದು 5,000 ಮತ್ತು 10,000 ಮೀಟರ್. ಯೂನಿವರ್ಸಿಟಿ ಮಟ್ಟದಲ್ಲಿ ಓಡಿದ್ದೆ. ರೈಲ್ವೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗಬೇಕು ಅನ್ನೋದು ನನ್ನ ಆಸೆ, ಮನೆಯವರದ್ದೂ. ಆಗ 10 ಕಿ.ಮೀ.ಗೆ 39 ನಿಮಿಷ ಹಿಡಿಯುತ್ತಿತ್ತು, ಕೋಟಾಗೆ ಅದು ಸಾಲದು. ಈ ಕೋಚ್‌ನ ಜಾಹೀರಾತಿನಲ್ಲಿ "36 ನಿಮಿಷ ಗ್ಯಾರಂಟಿ" ಅಂತ ಇತ್ತು. ಕಂಠೀರವದಲ್ಲಿ ಜೊತೆಗೆ ಓಡುತ್ತಿದ್ದ ಹುಡುಗಿಯೊಬ್ಬಳು ಆಗಲೇ ಸೇರಿದ್ದಳು. ಮೂರು ತಿಂಗಳ ಫೀಸನ್ನು ಒಟ್ಟಿಗೆ ಯುಪಿಐ ಮಾಡಿದೆ. ಹತ್ತು ನಿಮಿಷಕ್ಕೆ, ಯಾವ ದಿನ ಏನು ಓಡಬೇಕು ಅನ್ನುವ ಟೇಬಲ್ ಬಂತು.

ಆ ಹತ್ತು ನಿಮಿಷವನ್ನೇ ಗಮನಿಸಿ. ಇಲ್ಲಿಯವರೆಗೆ ವಾರಕ್ಕೆ ಎಷ್ಟು ಓಡುತ್ತಿದ್ದೆ, ಹಿಂದೆ ಎಲ್ಲಿ ಪೆಟ್ಟಾಗಿತ್ತು, ರಾತ್ರಿ ಎಷ್ಟು ಗಂಟೆ ನಿದ್ದೆ, ಪಿ.ಜಿ.ಯಲ್ಲಿ ಊಟ ಹೇಗೆ, ಒಂದು ಪ್ರಶ್ನೆಯೂ ಇಲ್ಲ. ಕೋಚ್‌ನ ವಾಟ್ಸಾಪ್ ಗ್ರೂಪಿನಲ್ಲಿ ಐಟಿ ಕೆಲಸದಲ್ಲಿದ್ದು ನಲವತ್ತು ದಾಟಿದ ಮೇಲೆ ಓಡಲು ಶುರು ಮಾಡಿದ ಒಬ್ಬರು ಇದ್ದರು. ಅವರಿಗೂ ನನಗೂ ಒಂದೇ ಪಿಡಿಎಫ್. ಮೇಲಿನ ಹೆಸರು, ಪಕ್ಕದ ಪೇಸ್ (ಒಂದು ಕಿ.ಮೀ.ಗೆ ಹಿಡಿಯುವ ಸಮಯ) ಮಾತ್ರ ಬೇರೆ.

ಮಂಗಳವಾರ ಟ್ರ್ಯಾಕ್‌ನಲ್ಲಿ 400 ಮೀಟರ್ ರಿಪೀಟ್ಸ್ (ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡುವುದು), ಗುರುವಾರ ಟೆಂಪೋ (ಬಿಡುವಿಲ್ಲದೆ ಒಂದೇ ಜೋರಿನ ಓಟ), ಶನಿವಾರ ಏರಿನ ಓಟ, ಭಾನುವಾರ ಜ್ಞಾನಭಾರತಿ ಕ್ಯಾಂಪಸ್‌ನಲ್ಲಿ ಲಾಂಗ್ ರನ್. ಉಳಿದ ದಿನ "ಈಸಿ". ಆ ಈಸಿಗೆ ಕೊಟ್ಟ ಪೇಸ್ ಕಿ.ಮೀ.ಗೆ 4:25, ಅಂದರೆ 4 ನಿಮಿಷ 25 ಸೆಕೆಂಡ್. 39 ನಿಮಿಷದಲ್ಲಿ 10 ಕಿ.ಮೀ. ಓಡುವವರ ರೇಸ್ ಪೇಸೇ 3:54. ಅವರಿಗೆ 4:25 ಅಂದರೆ ಹೆಚ್ಚುಕಮ್ಮಿ ಮ್ಯಾರಥಾನ್ ರೇಸಿನ ವೇಗ. ದಿನ ಬಿಟ್ಟು ದಿನ ಮ್ಯಾರಥಾನ್ ವೇಗದಲ್ಲಿ ಓಡಿ, ನಡುವಿನ ದಿನ ಅದಕ್ಕಿಂತ ಜೋರಾಗಿ ಓಡಿದರೆ ಕಾಲು ಸುಧಾರಿಸಿಕೊಳ್ಳುವುದು ಯಾವಾಗ? ನನ್ನಂಥವಳಿಗೆ ಈಸಿ ಅಂದರೆ 5 ನಿಮಿಷದಿಂದ ಐದೂವರೆ. ಪಕ್ಕದವರ ಜೊತೆ ಆರಾಮಾಗಿ ಹರಟೆ ಹೊಡೆದುಕೊಂಡು ಹೋಗುವಂತಿರಬೇಕು. ಕೀನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ 2018ರಲ್ಲಿ ಬರ್ಲಿನ್ ಮ್ಯಾರಥಾನನ್ನು 2:01:39ಕ್ಕೆ ಮುಗಿಸಿದರು, ಕಿ.ಮೀ.ಗೆ 2:53. ಅವರೇ ತಾವು ತರಬೇತಿ ಮಾಡುವ ಕಪ್ಟಗಟ್‌ನ ಮಣ್ಣು ರಸ್ತೆಯಲ್ಲಿ ಈಸಿ ದಿನ ಹೊರಟರೆ ಮೊದಲ ಕಿಲೋಮೀಟರ್‌ಗಳಲ್ಲಿ ನಮ್ಮಂಥವರೂ ಜೊತೆಗೆ ಹೋಗಬಹುದು, ಅಷ್ಟು ನಿಧಾನ.

ಮೊದಮೊದಲು ಟೈಮ್ ಇಳಿಯಿತು. ಎಲ್ಲರಿಗೂ ಇಳಿಯುತ್ತದೆ, ಅದಕ್ಕೇ ಜನ ನಂಬುತ್ತಾರೆ. ಹೃದಯ, ಉಸಿರು ಕೆಲವೇ ವಾರದಲ್ಲಿ ಪಳಗುತ್ತವೆ. ಮೂಳೆಗೆ ತಿಂಗಳುಗಟ್ಟಲೆ ಬೇಕು. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ವಾರಗಳಲ್ಲಿ ಅದು ಮೊದಲಿಗಿಂತ ಬಡವಾಗಿರುತ್ತದೆ. ಒಳ್ಳೆಯ ಕೋಚ್‌ಗಳು ಮೂರು ವಾರ ಓಟದ ಹೊರೆ ಏರಿಸಿ ನಾಲ್ಕನೇ ವಾರ ಇಳಿಸುವುದು ಸುಮ್ನೆ ಅಲ್ಲ. ನಮ್ಮ ಟೇಬಲ್‌ನಲ್ಲಿ ಇಳಿಕೆ ಅನ್ನುವುದೇ ಇರಲಿಲ್ಲ.

ಇನ್ನು ತೂಕದ ವಿಷಯ. ಪ್ರತಿ ಸೋಮವಾರ ಬೆಳಗ್ಗೆ ತೂಕದ ಮಷೀನಿನ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ಎಲ್ಲರ ಕಣ್ಣಿಗೆ ಬೀಳುವ ಹಾಗೆ. ನಮ್ಮ ಪಿ.ಜಿ.ಯಲ್ಲಿದ್ದ ಇನ್ನೊಬ್ಬ ಹುಡುಗಿ ಮಷೀನ್ ಹತ್ತುವ ಮುಂಚೆ ವಾಚು, ಕಿವಿಯೋಲೆ, ಕೂದಲಿನ ಕ್ಲಿಪ್ಪು ಎಲ್ಲ ಬಿಚ್ಚಿ ಬಕೆಟ್ಟಿನ ಪಕ್ಕ ಇಡುತ್ತಿದ್ದಳು. ಭಾನುವಾರ ರಾತ್ರಿ ನೀರೂ ಕುಡಿಯುತ್ತಿರಲಿಲ್ಲ. ಇಳಿದವರಿಗೆ ಬೆಂಕಿ ಇಮೋಜಿ, ಏರಿದವರಿಗೆ "ಅನ್ನ ಬಿಡು" ಅಂತ ಒಂದು ಸಾಲು. ಲಾಂಗ್ ರನ್ ಮುಗಿಸಿ ಬಂದವರಿಗೆ ಅನ್ನ ಬಿಡು ಅನ್ನುವವರು ಕೋಚ್ ಹೇಗಾಗುತ್ತಾರೋ ನನಗಂತೂ ಗೊತ್ತಿಲ್ಲ.

51 ಕೆ.ಜಿ. ಇದ್ದವಳು 46ಕ್ಕೆ ಬಂದೆ. ಮುಟ್ಟು ನಿಂತಿತು. ಸಂಕೋಚ ಬಿಟ್ಟು ಮೆಸೇಜ್ ಮಾಡಿದೆ: "ಸರ್, ಎರಡು ತಿಂಗಳಿಂದ ಪೀರಿಯಡ್ಸ್ ಆಗಿಲ್ಲ."

ಉತ್ತರ ಬಂತು: "ಒಳ್ಳೇದೇ ಅಲ್ವಾ ಪುಟ್ಟಾ, ರೇಸ್ ದಿನ ತಲೆನೋವಿಲ್ಲ. ಬಾಡಿ ಫಾರ್ಮ್‌ಗೆ ಬಂದಿದೆ."

ಈ ಮಾತು ಇನ್ನೂ ಎಷ್ಟು ಹೆಣ್ಣುಮಕ್ಕಳ ಕಿವಿಗೆ ಬಿದ್ದಿದೆಯೋ. ಇದು ಶುದ್ಧ ಸುಳ್ಳು. ಓಡಿ ಕರಗಿಸುವಷ್ಟು ತಿನ್ನದಿದ್ದರೆ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ, ಮುಟ್ಟು ಅದರಲ್ಲಿ ಒಂದು. ಮುಟ್ಟು ನಿಂತಾಗ ಈಸ್ಟ್ರೋಜನ್ ಹಾರ್ಮೋನೂ ಇಳಿದಿರುತ್ತದೆ, ಅದು ಇಳಿದರೆ ಮೂಳೆ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟು ಎಚ್ಚರಿಸಿದೆ. ಹುಡುಗರಿಗೂ ಇದು ಬರುತ್ತದೆ, ಅವರಲ್ಲಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಆದರೆ ಹೊರಗೆ ಕಾಣುವ ಗುರುತು ಇರುವುದಿಲ್ಲ, ಹಾಗಾಗಿ ತಡವಾಗಿ ತಿಳಿಯುತ್ತದೆ. ಅಮೆರಿಕದ ಮೇರಿ ಕೇನ್ ಹದಿನೇಳನೇ ವಯಸ್ಸಿಗೇ ಹೆಸರು ಮಾಡಿದ ಓಟಗಾರ್ತಿ. ನೈಕಿ ಕಂಪನಿಯ ತಂಡದಲ್ಲಿದ್ದಾಗ ತೂಕ ಇಳಿಸು ಇಳಿಸು ಅಂತ ಒತ್ತಡ ಹಾಕಿದ್ದರಿಂದ ಮೂರು ವರ್ಷ ಮುಟ್ಟು ನಿಂತು, ಐದು ಮೂಳೆ ಮುರಿದವು ಅಂತ ಅವರು 2019ರಲ್ಲಿ ಬಹಿರಂಗವಾಗಿ ಹೇಳಿದರು. ಅಷ್ಟು ದೊಡ್ಡ ತಂಡದಲ್ಲೇ ಹಾಗಾದರೆ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮನ್ನು ನೋಡುವವರು ಯಾರು?

ಕಾಲು ನೋವು ಶುರುವಾಗಿದ್ದು ಆಮೇಲೆ. ಮೊದಲು ಓಟದ ಕೊನೆಗೆ, ಆಮೇಲೆ ಶುರುವಿನಿಂದಲೇ, ಕೊನೆಗೆ ರಾತ್ರಿ ಮಲಗಿದ್ದಾಗಲೂ. ಒಂದು ಬೆರಳಿನ ತುದಿ ಇಟ್ಟು "ಇಲ್ಲೇ" ಅನ್ನಬಹುದಾದಷ್ಟು ಸಣ್ಣ ಜಾಗ. ಈ ವ್ಯತ್ಯಾಸ ಎಲ್ಲ ಓಟಗಾರರಿಗೂ ಗೊತ್ತಿರಬೇಕು. ಶಿನ್ ಸ್ಪ್ಲಿಂಟ್, ಅಂದರೆ ಓಟಗಾರರಿಗೆ ಮೊಣಕಾಲಿನ ಕೆಳಗಿನ ಮೂಳೆಯ ಸುತ್ತ ಬರುವ ನೋವು, ಸಾಮಾನ್ಯವಾಗಿ ಮೂಳೆಯ ಒಳಬದಿಯಲ್ಲಿ ಉದ್ದಕ್ಕೂ ಹರಡಿರುತ್ತದೆ. ಒಂದೇ ಬಿಂದುವಿನಲ್ಲಿ ಚುಚ್ಚಿದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಜೀವ ಹೋದಂತಾದರೆ, ಸುಮ್ಮನೆ ಮಲಗಿದಾಗಲೂ ನೋಯುತ್ತಿದ್ದರೆ ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಕೋಚ್ ಏನಂದರು? "ಎಲ್ರಿಗೂ ಬರುತ್ತೆ. ಐಸ್ ಇಡು, ಡೈಕ್ಲೋಫೆನಾಕ್ ತಗೊಂಡು ಲಾಂಗ್ ರನ್ ಮುಗಿಸು." ಬಿಸಿಲಲ್ಲಿ ಗಂಟೆಗಟ್ಟಲೆ ಬೆವರಿ ನೀರು ಕಮ್ಮಿಯಾದಾಗ ಈ ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡಬಹುದು. ಕೋಚ್ ಆದವರಿಗೆ ಗೊತ್ತಿರಬೇಕಾದ ಮೊದಲ ಪಾಠಗಳಲ್ಲಿ ಇದೊಂದು.

ಎಕ್ಸ್-ರೇ ತೆಗೆಸಿದೆ, ಏನೂ ಕಾಣಲಿಲ್ಲ. ಕೋಚ್‌ಗೆ ಅದೇ ಸಾಕಾಯಿತು. "ನೋಡು, ಎಲ್ಲ ನಿನ್ನ ತಲೆಯಲ್ಲಿ ಇರೋದು" ಅಂದರು. ಈ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಗೆ ಕಾಣುವುದಿಲ್ಲ ಅಂತ ಹೇಳಿದ್ದು ಆಮೇಲೆ ಸಿಕ್ಕ ಸ್ಪೋರ್ಟ್ಸ್ ಡಾಕ್ಟರ್. ಎಂಆರ್‌ಐನಲ್ಲಿ ಮೊಣಕಾಲಿನ ಕೆಳಗಿನ ಟಿಬಿಯಾ ಮೂಳೆಯ ಮೇಲೆ ಬಿಳಿ ಮಬ್ಬು, ಅದರ ನಡುವೆ ಕೂದಲೆಳೆಯಂಥ ಕಪ್ಪು ಗೆರೆ. ಡಾಕ್ಟರ್ ಪೆನ್ನಿನ ತುದಿಯಿಂದ ಅದನ್ನು ತೋರಿಸುತ್ತಾ ಮೊದಲು ಕೇಳಿದ್ದೇ "ಮುಟ್ಟು ಸರಿಯಾಗಿ ಆಗ್ತಿದೆಯೇನಮ್ಮ?" ಅಂತ. ಇಷ್ಟು ತಿಂಗಳಲ್ಲಿ ಇದನ್ನು ಕೇಳಿದ ಮೊದಲ ಮನುಷ್ಯ ಅವರೇ.

ಎಲ್ಲಕ್ಕಿಂತ ಅಪಾಯದ್ದು ಇನ್ನೂ ಹೇಳಿಲ್ಲ. ಭಾನುವಾರದ ಓಟ ಮುಗಿದ ಮೇಲೆ ಗುರುತಿನ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟಲ್ ಗ್ಲೂಕೋಸ್ ಹಾಕಿಸಿಕೊಳ್ಳಿ, "ರಿಕವರಿ ಬೇಗ ಆಗುತ್ತೆ" ಅಂತ ಕೋಚ್ ಹೇಳುತ್ತಿದ್ದರು. ನಮ್ಮ ಕಡೆ ಸುಸ್ತಾದರೆ ಡ್ರಿಪ್ ಹಾಕಿಸಿಕೊಳ್ಳುವುದು ಮಾಮೂಲಿ ಅಲ್ವಾ, ಯಾರಿಗೂ ಅನುಮಾನ ಬರಲಿಲ್ಲ. ಆದರೆ ಜಾಗತಿಕ ಡೋಪಿಂಗ್ ತಡೆ ಸಂಸ್ಥೆ ವಾಡಾದ ನಿಯಮದ ಪ್ರಕಾರ 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಜಾಸ್ತಿ ನರಕ್ಕೆ ಏರಿಸಿಕೊಳ್ಳುವುದು ನಿಷೇಧ. ಆಸ್ಪತ್ರೆಯ ಚಿಕಿತ್ಸೆ, ಆಪರೇಷನ್, ರೋಗಪತ್ತೆ ಪರೀಕ್ಷೆಗೆ ಮಾತ್ರ ವಿನಾಯಿತಿ. ಕ್ಲಿನಿಕ್ಕಿನಲ್ಲಿ ನೇತುಹಾಕುವ ಬಾಟಲ್ 500 ಮಿ.ಲೀ. ಒಳಗಿರುವುದು ಬರೀ ಗ್ಲೂಕೋಸ್ ಆದರೂ ತಪ್ಪು ತಪ್ಪೇ. ನಾನು ಹೋಗಲಿಲ್ಲ. ಸೂಜಿ ಅಂದರೆ ಭಯ, ಅಷ್ಟೇ ಕಾರಣ.

ಲೇಬಲ್ ಇಲ್ಲದ ಡಬ್ಬಿಯಲ್ಲಿ ಒಂದು ಪುಡಿಯೂ ಬರುತ್ತಿತ್ತು. ಇಂಥದ್ದನ್ನು ಯಾರೇ ಕೊಟ್ಟರೂ ಬಾಯಿಗೆ ಹಾಕಬೇಡಿ. ಡೋಪ್ ಟೆಸ್ಟಿನಲ್ಲಿ ಸಿಕ್ಕಿಬಿದ್ದರೆ "ಕೋಚ್ ಕೊಟ್ಟರು" ಅನ್ನುವ ಮಾತು ನಿಮ್ಮನ್ನು ಉಳಿಸುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆಲ್ಲ ಓಟಗಾರರೇ ಹೊಣೆ. ಮೊದಲ ಸಲವೇ ನಾಲ್ಕು ವರ್ಷದವರೆಗೆ ನಿಷೇಧ ಬೀಳಬಹುದು, ಸ್ಪೋರ್ಟ್ಸ್ ಕೋಟಾದ ಕನಸೂ ಅಲ್ಲಿಗೇ ಮುಗೀತು. ಡಾಕ್ಟರ್ ಬರೆದ ಔಷಧಿ ಆದರೂ ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಿಕೊಳ್ಳಿ.

ಈ ಕೋಚ್‌ನ ಹೆಸರಿನ ಮುಂದೆ "ಎನ್‌ಐಎಸ್" ಅಂತ ಇತ್ತು. ಕೋಚ್‌ಗಳಿಗೆ ತರಬೇತಿ ಕೊಡುವ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಡಿಪ್ಲೊಮಾವೂ ಇದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಎರಡನ್ನೂ ಮುಗಿಸಿದವರು ಎನ್‌ಐಎಸ್ ಅಂತಲೇ ಹಾಕಿಕೊಳ್ಳುತ್ತಾರೆ. ಯಾವುದು, ಯಾವ ಆಟದಲ್ಲಿ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಬೇರೆ ಉತ್ತರ ಬೇಕಿಲ್ಲ. ಅವರ ಹತ್ತಿರ ಕಲಿತು ಟೈಮ್ ಇಳಿಸಿಕೊಂಡವರ ಫೋಟೋ ಎಲ್ಲರೂ ತೋರಿಸುತ್ತಾರೆ. ನೀವು ಬಿಟ್ಟುಹೋದವರನ್ನು ಹುಡುಕಿ ಮಾತಾಡಿಸಿ. ಗ್ರೂಪಿನಲ್ಲಿ "ಲೆಫ್ಟ್" ಆದ ನಂಬರ್‌ಗಳಿಗೆ ನಾನು ಆಮೇಲೆ ಫೋನ್ ಮಾಡಿದಾಗ ಇಬ್ಬರು ಹೇಳಿದ್ದು ಹೆಚ್ಚುಕಮ್ಮಿ ನನ್ನದೇ ಕಥೆ.

ಎಂಆರ್‌ಐ ರಿಪೋರ್ಟ್ ಕಳಿಸಿ ಉಳಿದ ತಿಂಗಳ ಫೀಸು ವಾಪಸ್ ಕೇಳಿದೆ. ಗ್ರೂಪಿನಿಂದ ತೆಗೆದರು, ನಂಬರ್ ಬ್ಲಾಕ್ ಮಾಡಿದರು. ಅಷ್ಟರಲ್ಲಿ ಚಾಟ್, ಟೇಬಲ್, ಯುಪಿಐ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಅಣ್ಣನ ಫೋನಿಗೆ ಕಳಿಸಿಟ್ಟಿದ್ದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ. ಅದೇ ಗ್ರೂಪಿನಲ್ಲಿ ಈಗಲೂ ಇದ್ದು ಮೊಣಕಾಲಿನ ಕೆಳಗೆ ಒಂದೇ ಜಾಗದಲ್ಲಿ ನೋವು ಅನ್ನುವವರು ಇದ್ದರೆ ಈ ವಾರದ ಲಾಂಗ್ ರನ್ ಬಿಡಿ, ಮೊದಲು ಎಂಆರ್‌ಐ ಬೇಕಾ ಅಂತ ಡಾಕ್ಟರನ್ನು ಕೇಳಿ.