ಕ್ಯಾನ್‌ಬೆರಾ ಯುದ್ಧ ಸ್ಮಾರಕದ ಆನ್‌ಲೈನ್ ಫೋಟೊ ಸಂಗ್ರಹ: ಬಳಸುವವರಿಗೆ

ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನ ಈ ಸಂಗ್ರಹದಲ್ಲಿ ಹೆಸರಿಗಿಂತ ಫೋಟೊದ ನಂಬರ್ ಹಾಕಿ ಹುಡುಕುವುದೇ ಸಲೀಸು. ಇ01220 ಎಂದು (ಇಂಗ್ಲಿಷಿನ ಇ, ನಡುವೆ ಜಾಗ ಬಿಡದೆ) ಕೊಟ್ಟರೆ ಯುದ್ಧ ಛಾಯಾಗ್ರಾಹಕ ಫ್ರಾಂಕ್ ಹರ್ಲಿ 1917ರ ಅಕ್ಟೋಬರ್ 29ರಂದು ಬೆಲ್ಜಿಯಂನಲ್ಲಿ ತೆಗೆದ ಚಿತ್ರ ಬರುತ್ತದೆ: ಬೋಳು ಮರಗಳ ಮೋಟು, ನಿಂತ ನೀರು, ಕೆಸರಿನ ಮೇಲೆ ಹಾಸಿದ ಹಲಗೆದಾರಿಯಲ್ಲಿ ಸೈನಿಕರು. ಎಷ್ಟು ಸಲ ನೋಡಿದರೂ ಎದೆ ಭಾರವಾಗುತ್ತದೆ.

ಆದರೆ ಹರ್ಲಿಯ ಎಲ್ಲ ಚಿತ್ರಗಳನ್ನೂ ಸಾಕ್ಷಿಯೆಂದು ನಂಬಬಾರದು. ಕೆಲವನ್ನು ಆತ ಹಲವು ನೆಗೆಟಿವ್ ಕೂಡಿಸಿ ಮುದ್ರಿಸಿದ್ದ. ಇತಿಹಾಸಕಾರ ಚಾರ್ಲ್ಸ್ ಬೀನ್ ಜೊತೆ ಜಗಳವಾದದ್ದೂ ಇದಕ್ಕೇ. ಹಾಗಾಗಿ ಫೋಟೊದ ಜೊತೆಗಿರುವ ವಿವರಣೆಯನ್ನು ಕೊನೆಯವರೆಗೆ ಓದಿ.

1955ಕ್ಕೆ ಮುಂಚಿನ ಫೋಟೊಗಳಿಗೆ ಆಸ್ಟ್ರೇಲಿಯಾದಲ್ಲಿ ಕಾಪಿರೈಟ್ ಮುಗಿದಿದೆ. ವಿಯೆಟ್ನಾಂ ಯುದ್ಧದ ಕಾಲದವನ್ನು ಮರುಬಳಸುವ ಮುನ್ನ ಫೋಟೊದ ಜೊತೆಗೆ ಕಾಪಿರೈಟ್ ಬಗ್ಗೆ ಬರೆದಿರುವ ಸಾಲು ನೋಡಲೇಬೇಕು.