ಪೇಂಟ್ ಬಳಿದ ಗುಜರಿ ಪೈಪಿಗೆ ವೆಲ್ಡಿಂಗ್ ಹಿಡಿಯೋ ಮುಂಚೆ

ಗುಜರಿ ಪೈಪ್ ತಂದು ಮನೆ ಶೆಡ್ಡಲ್ಲೇ ವೆಲ್ಡಿಂಗ್ ಮಾಡ್ಕೊಳ್ಳೋರು ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಬೇಕಾದಷ್ಟು ಜನ ಇದ್ದೀರಿ. ಈ ಬರಹ ನಿಮಗೆ.

ಅಡಿಕೆ ಬೇಯಿಸೋ ಹಂಡೆಯಿಂದ ಜಾಲರಿ ಎತ್ತಿ ಪಕ್ಕಕ್ಕೆ ಇಳಿಸೋಕೆ ತಿರುಗೋ ತೋಳೊಂದು ಬೇಕಿತ್ತು. ಕಂಬಕ್ಕೆ ಬ್ರಾಕೆಟ್, ಅದಕ್ಕೆ 2 ಇಂಚಿನ ಪೈಪು. ಗುಜರಿಯವನು ಕೆಂಪು ಪ್ರೈಮರ್ ಬಳಿದದ್ದು ಕೊಟ್ಟ. ಜಿಐ, ಅಂದ್ರೆ ಸತು ಲೇಪಿಸಿದ ಕಬ್ಬಿಣ ಅಲ್ಲ ತಾನೇ ಅಂತ ಕೇಳಿದ್ದಕ್ಕೆ ಮ್ಯಾಗ್ನೆಟ್ ಅಂಟಿಸಿ, "ಪಕ್ಕಾ ಎಂಎಸ್" (ಲೇಪನವಿಲ್ಲದ ಸಾದಾ ಉಕ್ಕು) ಅಂದ. ಮ್ಯಾಗ್ನೆಟ್ ಜಿಐಗೂ ಅಂಟುತ್ತೆ ಸ್ವಾಮಿ! ಒಳಗಿರೋದು ಕಬ್ಬಿಣವೇ, ಸತು ಇರೋದು ಮೇಲ್ಪದರದಲ್ಲಿ.

ಆರ್ಕ್ ಹತ್ತಿದ್ದೇ ತಡ, ದಟ್ಟ ಬಿಳಿ ಹೊಗೆ. ಪ್ರೈಮರ್ ಸುಡ್ತಿರಬೇಕು ಅನ್ನಿಸಿತು. ಆದ್ರೆ ಹತ್ತಿ ಎಳೆಯಂಥ ಬಿಳಿ ಚೂರುಗಳು ತೇಲಾಡಿದವು. ಜಾಯಿಂಟ್ ಸುತ್ತ ಕೂತ ಪುಡಿ ಬಿಸಿಯಲ್ಲಿ ಹಳದಿ, ಆರಿದ ಮೇಲೆ ಬಿಳಿ. ಅದು ಸತುವಿನ ಆಕ್ಸೈಡ್. ಕಬ್ಬಿಣ ಕರಗೋಕೆ 1538 ಡಿಗ್ರಿ ಬೇಕು, ಸತು 907ಕ್ಕೇ ಕುದಿದು ಆವಿ.

ಸಂಜೆಗೆ ಬಾಯೆಲ್ಲ ಲೋಹದ ರುಚಿ. ರಾತ್ರಿ ಕಂಬಳಿ ಮೇಲೆ ಕಂಬಳಿ ಹೊದ್ದರೂ ನಿಲ್ಲದ ನಡುಕ, ಜ್ವರ, ಮೈಕೈ ನೋವು. ಜನವರಿಯಲ್ಲಿ ಮಲೆನಾಡಲ್ಲಿ ಹೀಗೆ ಜ್ವರ ಬಂದ್ರೆ ಮನೆಯವರಿಗೆ ಮೊದಲು ನೆನಪಾಗೋದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಅದೂ ಶುರುವಾಗೋದು ಹೀಗೇ. ಕಾಡಿಗೆ ಹೋಗಿದ್ರಾ, ಉಣುಗು ಕಚ್ಚಿತ್ತಾ ಅಂತ ಕೇಳ್ತಿದ್ದ ಡಾಕ್ಟರು, ವೆಲ್ಡಿಂಗ್ ವಿಷಯ ಬಂದ ಮೇಲೆ ಲೋಹದ ಹೊಗೆಯ ಜ್ವರ ಅಂದ್ರು. ಹೊಗೆ ಕುಡಿದ ಕೆಲವು ಗಂಟೆ ಬಿಟ್ಟು ಬರುತ್ತೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಇಳೀದಿದ್ರೆ ರಕ್ತ ಪರೀಕ್ಷೆ ಬಿಡಬೇಡಿ. ಹಾಲು ಕುಡಿದ್ರೆ ಆಯ್ತು ಅಂತಾರೆ ಕೆಲವರು. ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗಿದ್ದು ಶ್ವಾಸಕೋಶಕ್ಕೆ.

ಇನ್ನು ಬ್ರಾಕೆಟ್. ಬೆಸುಗೆ ಮೇಲೆ ಗಟ್ಟಿಯಾಗೋ ಸ್ಲ್ಯಾಗ್ ಪದರ ಕೆತ್ತಿದ್ರೆ ಬೆಸುಗೆ ತುಂಬಾ ಸೂಜಿಮೊನೆ ತೂತು. ಕುದಿಯೋ ಹಂಡೆ ಮೇಲೆ ಅದನ್ನ ನಂಬಿ ಭಾರ ನೇತುಹಾಕೋರು ಯಾರು?

ಪೇಂಟ್ ಇರೋ ಪೈಪಾದ್ರೆ ಮೊದಲು ಫೈಲಲ್ಲಿ ಬಣ್ಣ ಮಾತ್ರ ಕೆರೆದು, ಬಯಲಲ್ಲಿ ನಿಂತು ಟಾಯ್ಲೆಟ್ ಆಸಿಡ್ ಒಂದು ಹನಿ ಬಿಡಿ. ಸತುವಿದ್ರೆ ಕೂಡಲೇ ಬುಸಬುಸ ನೊರೆ ಬರುತ್ತೆ. ಹೊರಮೈ ಸತುವನ್ನ ಗ್ರೈಂಡರಲ್ಲಿ ತೆಗೀಬಹುದು, ಒಳಮೈಯಲ್ಲಿರೋದಕ್ಕೆ ಏನು ಮಾಡ್ತೀರಿ? ಬಟ್ಟೆ ಮಾಸ್ಕ್ ಅಂತೂ ಲೆಕ್ಕಕ್ಕಿಲ್ಲ.

ವೆಲ್ಡ್ ಆದ ಮಾಲು ವಾಪಸ್ ತಗೊಳ್ಳಲ್ಲ ಅಂದ ಅಂಗಡಿಯವನು. ತೋಳನ್ನ ಹೊಸ ಎಂಎಸ್ ಆಂಗಲ್‌ನಲ್ಲಿ ಮಾಡಿದ್ದಾಯ್ತು. ಆ ಪೈಪು ತೋಟದ ದಣಪೆಗೆ ಹೋಯ್ತು, ಅಲ್ಲಿ ವೆಲ್ಡಿಂಗ್ ಬೇಕಿಲ್ಲ.