ಮೊದಲು ಗುಳಿಗೆ ಚೀಲ ಕೇಳಿದ ಚರ್ಮದ ಡಾಕ್ಟರ್

ಆಳಂದದಿಂದ ಅಪ್ಪನನ್ನು ಕಾರಿನಲ್ಲಿ ಮಲಗಿಸಿಕೊಂಡು ಕಲಬುರಗಿಯ ಈ ಕ್ಲಿನಿಕ್‌ಗೆ ಬಂದಾಗ ಅವರ ತುಟಿಯೆಲ್ಲ ಹುಣ್ಣಾಗಿತ್ತು, ಕಣ್ಣು ತೆರೆಯಲು ಆಗುತ್ತಿರಲಿಲ್ಲ, ಬೆನ್ನ ತುಂಬ ನೀರುಗುಳ್ಳೆ. ಅಮ್ಮ ಬಂದಿದ್ದಾಳೆ ಅಂತ ಮನೆಯಲ್ಲಿ ಬೇವಿನ ಸೊಪ್ಪು ಕಟ್ಟಿದ್ದರು. ಮೊದಲು ತೋರಿಸಿದ ಕಡೆ ವೈರಲ್ ಜ್ವರ ಅಂದು, ಹಳೆ ಗುಳಿಗೆ ಮುಂದುವರಿಸಿ ಅಂತ ಕಳಿಸಿದ್ದರು. ಆ ಎರಡು ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಡಾಕ್ಟರ್ ಮೊದಲು ಕೇಳಿದ್ದು, ಎರಡು ತಿಂಗಳಲ್ಲಿ ಹೊಸದಾಗಿ ಏನು ಶುರು ಮಾಡಿದ್ದೀರಿ? ಚೀಲ ಸುರಿದೆ. ಮೆಡಿಕಲ್ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ಪಟ್ಟಿಯ ಮೇಲೆ ಹೆಸರೇ ಇರಲಿಲ್ಲ. ಅವರು ಬಿಡಲಿಲ್ಲ, ತಮ್ಮನಿಗೆ ಫೋನ್ ಮಾಡಿಸಿ ಹಳೆ ಚೀಟಿಯ ಫೋಟೋ ತರಿಸಿಕೊಂಡರು. ಅದರಲ್ಲಿ ಸಿಕ್ಕಿತು ಕಾರಣ: ಮುಖದ ನರದ ನೋವಿಗೆ ಕೊಟ್ಟ ಕಾರ್ಬಮಜೆಪಿನ್ ಗುಳಿಗೆ. ಶುರು ಮಾಡಿ 16 ದಿನ. ಗುಳಿಗೆಯಿಂದ ಚರ್ಮ ಸುಲಿಯುವ ಇಂಥ ರಿಯಾಕ್ಷನ್ ಹೆಚ್ಚಾಗಿ 4ರಿಂದ 28 ದಿನದೊಳಗೆ ಬರುತ್ತದಂತೆ, ಹಾಗಾಗಿ ನಿನ್ನೆ ತಿಂದ ಬದನೆಕಾಯಿಯನ್ನು ಬೈಯುವುದು ಸುಮ್ನೆ. ಫಿಟ್ಸ್‌ನ ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಸಿಡ್‌ನ ಅಲೋಪ್ಯುರಿನಾಲ್, ಸಲ್ಫಾ ಗುಳಿಗೆಗಳಿಂದಲೂ ಹೀಗಾಗಬಹುದು, ಅಪರೂಪಕ್ಕೆ.

ಗುಳ್ಳೆಯ ಪಕ್ಕದ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರು, ಸಿಪ್ಪೆಯ ಹಾಗೆ ಜಾರಿತು. ನೋಡಲಾಗಲಿಲ್ಲ ನನಗೆ. ಬಾಯಿ, ಕಣ್ಣು, ಮೂತ್ರದ ಜಾಗ ಎಲ್ಲ ನೋಡಿದರು. ರೋಗಿಯ ಅಂಗೈ ಬೆರಳು ಸೇರಿ ಮೈ ಚರ್ಮದ ಸುಮಾರು ಶೇ 1, ಆ ಲೆಕ್ಕದಲ್ಲೇ ಅಳೆದರು. ಸುಲಿದದ್ದು ಶೇ 10ಕ್ಕಿಂತ ಕಡಿಮೆ ಇದ್ದರೆ ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್, ಶೇ 30 ದಾಟಿದರೆ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್ (TEN) ಅನ್ನುತ್ತಾರೆ, ಆಗ ಜೀವಕ್ಕೆ ಅಪಾಯ ಇನ್ನೂ ಜಾಸ್ತಿ. ಅಪ್ಪನದು ಶೇ 8ರ ಹತ್ತಿರ ಇತ್ತು.

ಮುಲಾಮು ಬರೆದು ಕೂರಿಸಿಕೊಳ್ಳಲಿಲ್ಲ. ಆ ಗುಳಿಗೆ ಅಲ್ಲೇ ನಿಲ್ಲಿಸಿ, ಐಸಿಯು ಇರುವ ಆಸ್ಪತ್ರೆಗೆ ತಾವೇ ಫೋನ್ ಮಾಡಿ ಕಳಿಸಿದರು. ಪೆಂಫಿಗಸ್ ಅನ್ನುವ ಬೇರೆ ಚರ್ಮರೋಗದಲ್ಲೂ ಹೀಗೇ ಗುಳ್ಳೆ, ಬಾಯಿ ಹುಣ್ಣು ಬರುತ್ತದೆ, ಅದಕ್ಕೇ ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿಸಿ ಅಂತ ಚೀಟಿಯಲ್ಲೇ ಬರೆದಿದ್ದರು. ಕಣ್ಣಿನ ಡಾಕ್ಟರ್ ದಿನಾ ನೋಡಲೇಬೇಕು ಅಂತಲೂ ಬರೆದಿದ್ದರು. ಅಪ್ಪನ ದೃಷ್ಟಿ ಉಳಿದದ್ದು ಅದರಿಂದಲೇ ಅಂತ ನಾನು ನಂಬಿದ್ದೇನೆ.

ಕೊರತೆ ಇದೆ. ಮೊದಲ ಮಹಡಿ, ಲಿಫ್ಟ್ ಇಲ್ಲ. ಮೈ ಸುಲಿದ ಮನುಷ್ಯನನ್ನು ಎತ್ತಿಕೊಂಡು ಹತ್ತುವುದು ಎಷ್ಟು ಕಷ್ಟ ಅಲ್ವಾ? ಏಪ್ರಿಲ್ ಬಿಸಿಲಿಗೆ ಕಾಯುವ ಕೋಣೆಯಲ್ಲಿ ಎರಡೇ ಫ್ಯಾನ್.

ವಾಸಿಯಾದ ಮೇಲೆ ಒಂದು ಕಾರ್ಡ್ ಬರೆದುಕೊಟ್ಟರು: ಕಾರ್ಬಮಜೆಪಿನ್ ಮತ್ತೆಂದೂ ಬೇಡ, ಫೆನಿಟಾಯಿನ್, ಫಿನೋಬಾರ್ಬಿಟಾಲ್ ಕೂಡ ಬೇಡ. ಅಪ್ಪ ಅದನ್ನು ಆಧಾರ್ ಜೊತೆ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಸಂಜೆ ಜನ ಜಾಸ್ತಿ, ಬೆಳಗ್ಗೆ ಹೋಗಿ. ಮನೆಯಲ್ಲಿರುವ ಗುಳಿಗೆ ಎಲ್ಲ ಕಟ್ಟಿಕೊಂಡು ಹೋಗಿ.